ಯಾವ ಮಗ್ಗುಲಿಗೆ ಮಲಗೋದು?

ಬೆನ್ನು ನೋವು ಅಂತ ಒಮ್ಮೆ ಬಾಯಿ ಬಿಟ್ಟು ಹೇಳಿ ನೋಡಿ. ಎದುರಿಗಿದ್ದವರೆಲ್ಲ ತಕ್ಷಣ ಅರ್ಧ ಡಾಕ್ಟರಾಗಿಬಿಡುತ್ತಾರೆ. "ಹಾಸಿಗೆ ಬಿಡಿ, ಚಾಪೆ ಮೇಲೆ ಮಲಗಿ" ಅಂತ ಒಬ್ಬರು. "ಬರೀ ಹಲಗೆ ಮೇಲೆ ಮಲಗಿ, ಎರಡೇ ದಿನಕ್ಕೆ ಹೋಗುತ್ತೆ" ಅಂತ ಇನ್ನೊಬ್ಬರು. ದಿಂಬೇ ಬೇಡ ಅನ್ನುವವರು, ಎರಡು ದಿಂಬು ಬೇಕು ಅನ್ನುವವರು, ಎಡಮಗ್ಗುಲು ಬಿಟ್ಟು ಬೇರೆ ಕಡೆ ತಿರುಗಲೇಬೇಡಿ ಅನ್ನುವವರು, ಶವಾಸನದ ಥರ ಅಂಗಾತ ಬಿದ್ದುಕೊಳ್ಳಿ ಅನ್ನುವವರು... ಇವರೆಲ್ಲರ ಮಾತು ಮುಗಿದ ಮೇಲೆ, ಮೂಲೆಯಲ್ಲಿ ಬತ್ತಿ ಹೊಸೆಯುತ್ತ ಕೂತಿದ್ದ ಅಜ್ಜಿಯೊಬ್ಬರು "ಮೊದಲು ಉತ್ತರಕ್ಕೆ ತಲೆ ಹಾಕೋದು ಬಿಡಿಸಿ" ಅಂತ ತೀರ್ಪು ಕೊಡುತ್ತಾರೆ. ಅಲ್ಲಿಗೆ ಸಭೆ ಮುಕ್ತಾಯ.

ಈ ವಿಷಯದಲ್ಲಿ ನನಗೂ ಒಂದು ಅಭಿಪ್ರಾಯ ಇದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಎಲ್ಲರಿಗೂ ಒಗ್ಗುವ 'ಸರಿಯಾದ ಭಂಗಿ' ಅಂತ ಒಂದಿಲ್ಲ. ಅದನ್ನು ಅಂಗಡಿಯಿಂದ ಕೊಂಡು ತರುವುದಕ್ಕೂ ಆಗುವುದಿಲ್ಲ, ಅದಕ್ಕೆ ಎಷ್ಟು ಸಾವಿರದ ಚೀಟಿ ಅಂಟಿಸಿದ್ದರೂ ಅಷ್ಟೇ. ಅದು ರವಿಕೆ ಹೊಲಿಸಿದ ಹಾಗೆ. ಅವರವರ ಅಳತೆ ಕೊಟ್ಟು ಮಾಡಿಕೊಳ್ಳಬೇಕಾದದ್ದು. ಇನ್ನೊಂದು ಮಾತೂ ಇದೆ, ಸ್ವಲ್ಪ ಖಾರ ಅನ್ನಿಸಬಹುದು. ನಾನು ಕಂಡ ಮನೆಗಳಲ್ಲಿ, ಬೆನ್ನು ಯಾರದ್ದು ಹೆಚ್ಚು ಸವೆಯುತ್ತದೋ ಅವರಿಗೇ ಮಲಗಲು ಎಲ್ಲಕ್ಕಿಂತ ಕೆಟ್ಟ ಜಾಗ ಸಿಕ್ಕಿರುತ್ತದೆ. ಭಂಗಿ ಅಂತ ನಾವು ಮಾತಾಡುವಾಗ ಈ ಜಾಗದ ಸಂಗತಿಯನ್ನು ಯಾರೂ ಎತ್ತುವುದೇ ಇಲ್ಲ.

ಹಲಗೆಯಿಂದಲೇ ಶುರು ಮಾಡೋಣ.

ನಾನು ಚಿಕ್ಕವಳಿದ್ದಾಗ ನಮ್ಮ ಕಡೆ ಯಾರಿಗೆ ಸೊಂಟ ಹಿಡಿದರೂ ಮೊದಲ ಚಿಕಿತ್ಸೆ ಅದೇ. ಹಾಸಿಗೆ ಸುತ್ತಿಟ್ಟು, ಮಂಚದ ಬರೀ ಹಲಗೆಯ ಮೇಲೆ ಒಂದು ಜಮಖಾನ ಹಾಸಿ ಮಲಗಿಸುವುದು. ನಮ್ಮ ದೊಡ್ಡಪ್ಪ ಹಾಗೆ ಮೂರು ವಾರ ಮಲಗಿದ್ದರು. ಊಟ ತಿಂಡಿ ಎಲ್ಲ ಅಲ್ಲಿಗೇ ಸರಬರಾಜು. ಮೂರು ವಾರ ಆದ ಮೇಲೆ ಎದ್ದಾಗ ಸೊಂಟದ ನೋವಿನ ಜೊತೆಗೆ ಭುಜದ ನೋವೂ ಸೇರಿಕೊಂಡಿತ್ತು, ನಾಲ್ಕು ಹೆಜ್ಜೆ ಇಟ್ಟರೆ ಕಾಲು ನಡುಗುತ್ತಿತ್ತು. "ಹಲಗೆಗೇ ಬಗ್ಗದ ನೋವು ಅಂದ್ರೆ ಎಂಥದ್ದಿರಬೇಕು ನೋಡು" ಅಂತ ಬಂದವರೆಲ್ಲ ನೋವನ್ನು ಹೊಗಳಿದರೇ ಹೊರತು ಹಲಗೆಯನ್ನು ಯಾರೂ ಅನುಮಾನಿಸಲಿಲ್ಲ.

ಹಲಗೆಯನ್ನು ಅನುಮಾನಿಸಿದವರು ಸ್ಪೇನ್ ದೇಶದವರು. ಬಹಳ ಕಾಲದಿಂದ ಸೊಂಟ ನೋವಿದ್ದ 313 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಗಟ್ಟಿ ಹಾಸಿಗೆ, ಇನ್ನೊಂದಕ್ಕೆ ಮಧ್ಯಮ ಗಟ್ಟಿಯ ಹಾಸಿಗೆ ಕೊಟ್ಟರು. ಯಾರಿಗೆ ಯಾವುದು ಅಂತ ಮಲಗುವವರಿಗೆ ಹೇಳಿರಲಿಲ್ಲ. 90 ದಿನ ಬಿಟ್ಟು ನೋಡಿದಾಗ ಮಲಗಿದ್ದಾಗಿನ ನೋವು, ಏಳುವಾಗಿನ ನೋವು, ದಿನದ ಕೆಲಸಕ್ಕೆ ಆಗುವ ಅಡಚಣೆ, ಈ ಮೂರರಲ್ಲೂ ಮಧ್ಯಮ ಹಾಸಿಗೆಯವರೇ ಹೆಚ್ಚು ಸುಧಾರಿಸಿದ್ದರು. ಇದು 2003ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. 20 ವರ್ಷಕ್ಕೂ ಮೇಲಾಯಿತು, ನಮ್ಮ ಹಲಗೆ ಮಾತ್ರ ಇನ್ನೂ ಕೆಳಗಿಳಿದಿಲ್ಲ.

ಕಾರಣವೂ ಸರಳ. ನಮ್ಮ ಮೈ ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ ಚಪ್ಪಟೆ ಇಲ್ಲ. ಮಗ್ಗುಲಾಗಿ ಮಲಗಿದರೆ ಭುಜ ಮತ್ತು ಸೊಂಟದ ಮೂಳೆ ಉಬ್ಬು, ನಡು ಹಳ್ಳ. ಹಲಗೆಯ ಮೇಲೆ ಆ ಎರಡು ಉಬ್ಬುಗಳೇ ಇಡೀ ಭಾರ ಹೊರುತ್ತವೆ, ನಡುವಿನ ಹಳ್ಳಕ್ಕೆ ಆಸರೆಯೇ ಇರುವುದಿಲ್ಲ. ತೀರಾ ಮೆತ್ತಗಿನ ಹಾಸಿಗೆಯಲ್ಲಿ ಇದರ ತದ್ವಿರುದ್ಧ, ಸೊಂಟ ತೊಟ್ಟಿಲಲ್ಲಿ ಕೂತ ಹಾಗೆ ಕೆಳಗಿಳಿದು ಬೆನ್ನು ಬಿಲ್ಲಿನಂತೆ ಬಾಗುತ್ತದೆ. ಭುಜ, ಸೊಂಟ ಸ್ವಲ್ಪ ಒಳಗಿಳಿಯಬೇಕು, ನಡುವಿಗೆ ಆಸರೆ ಸಿಗಬೇಕು. ಮಧ್ಯಮ ಅಂದರೆ ಇಷ್ಟೇ. 'ಆರ್ಥೋಪೆಡಿಕ್' ಅಂತ ಹಾಸಿಗೆಯ ಮೇಲೆ ಬರೆದಿದ್ದರೆ ಅದು ವೈದ್ಯರು ಬರೆದ ಚೀಟಿ ಅಲ್ಲ, ಮಾರುವವರು ಬರೆದದ್ದು. ಕೆಲವು ಚೆನ್ನಾಗಿರುತ್ತವೆ, ಕೆಲವು ಹಲಗೆಯ ತಮ್ಮಂದಿರು. ಹೆಸರು ಓದಿ ತಗೊಳ್ಳುವುದಲ್ಲ, ಹತ್ತು ಹದಿನೈದು ನಿಮಿಷ ನಾಚಿಕೆ ಬಿಟ್ಟು ಅಂಗಡಿಯಲ್ಲೇ ಮಲಗಿ ನೋಡಿ ತಗೊಳ್ಳುವುದು.

ಇನ್ನು ದೊಡ್ಡಪ್ಪನ ಮೂರು ವಾರದ ವಿಶ್ರಾಂತಿ. 1986ರಲ್ಲಿ ಅಮೆರಿಕದ ವೈದ್ಯರು ಸೊಂಟ ನೋವಿನ 203 ರೋಗಿಗಳಲ್ಲಿ ಕೆಲವರಿಗೆ ಎರಡು ದಿನ ಮಲಗಿ ಅಂತಲೂ ಕೆಲವರಿಗೆ ಏಳು ದಿನ ಮಲಗಿ ಅಂತಲೂ ಹೇಳಿ ನೋಡಿದರು. ಗುಣವಾಗುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಎರಡು ದಿನದವರು ಕೆಲಸ ತಪ್ಪಿಸಿದ್ದು 45% ಕಡಿಮೆ. 1995ರಲ್ಲಿ ಹೆಲ್ಸಿಂಕಿಯಲ್ಲಿ 186 ಜನರ ಮೇಲೆ ನಡೆದ ಇನ್ನೊಂದು ಅಧ್ಯಯನದಲ್ಲಿ, ಮಲಗಿದವರಿಗಿಂತ, ವ್ಯಾಯಾಮ ಮಾಡಿದವರಿಗಿಂತ, ನೋವು ತಾಳಿಕೊಳ್ಳುವಷ್ಟರ ಮಟ್ಟಿಗೆ ಮಾಮೂಲಿ ಓಡಾಟ ಇಟ್ಟುಕೊಂಡವರೇ ಬೇಗ ಚೇತರಿಸಿಕೊಂಡರು. ಅಂದರೆ ಹಾಸಿಗೆ ಇರುವುದು ರಾತ್ರಿಯ ನಿದ್ದೆಗೆ, ಹಗಲಿನ ಚಿಕಿತ್ಸೆಗಲ್ಲ.

ಸರಿ, ರಾತ್ರಿ ನಮ್ಮ ಬೆನ್ನಿನೊಳಗೆ ಏನು ನಡೆಯುತ್ತದೆ? ಇದನ್ನು ಓದಿದಾಗ ನನಗೆ ನಿಜಕ್ಕೂ ಖುಷಿಯಾಯಿತು. ಬೆನ್ನುಮೂಳೆಯ ಮಣಿಗಳ ನಡುವೆ ಮೆತ್ತೆಯ ಹಾಗೆ ಇರುವ ಡಿಸ್ಕುಗಳು ಹಗಲೆಲ್ಲ ನಮ್ಮ ಭಾರಕ್ಕೆ ಹಿಂಡಿಸಿಕೊಂಡು ನೀರು ಕಳೆದುಕೊಳ್ಳುತ್ತವೆ. ರಾತ್ರಿ ಮಲಗಿದಾಗ ನೆನೆಹಾಕಿದ ಕಡಲೆಯ ಹಾಗೆ ಮತ್ತೆ ನೀರು ಹೀರಿಕೊಂಡು ಉಬ್ಬುತ್ತವೆ. ಹಾಗಾಗಿ ಬೆಳಿಗ್ಗೆ ಎದ್ದಾಗ ನಾವೆಲ್ಲರೂ ರಾತ್ರಿಗಿಂತ ಒಂದೂವರೆ ಎರಡು ಸೆಂಟಿಮೀಟರ್ ಎತ್ತರ ಇರುತ್ತೇವೆ. ಹೆಣ್ಣು ನೋಡುವ ಶಾಸ್ತ್ರವನ್ನು ಬೆಳಿಗ್ಗೆಯೇ ಇಟ್ಟುಕೊಳ್ಳುವುದು ಲಾಭ :-)

1999ರಲ್ಲಿ ಜರ್ಮನಿಯಲ್ಲಿ ಒಬ್ಬ ಸ್ವಯಂಸೇವಕನ ಡಿಸ್ಕಿನೊಳಕ್ಕೇ ಒತ್ತಡ ಅಳೆಯುವ ಸಲಕರಣೆ ಇಟ್ಟು ಇಡೀ ದಿನ, ರಾತ್ರಿ ಅಳೆದರು. ನಿಂತಾಗ ಇದ್ದ ಒತ್ತಡದ ಸುಮಾರು ಐದನೇ ಒಂದು ಭಾಗ ಮಾತ್ರ ಅಂಗಾತ ಮಲಗಿದಾಗ. ಮಗ್ಗುಲಾದಾಗ ಎಷ್ಟು ಅಂದುಕೊಂಡಿರಿ? ಹೆಚ್ಚುಕಡಿಮೆ ಅಷ್ಟೇ. ಬೋರಲು ಮಲಗಿದಾಗಲೂ ಹೆಚ್ಚುಕಡಿಮೆ ಅಷ್ಟೇ. ಒಬ್ಬನೇ ಮನುಷ್ಯನ ಅಳತೆ, ಅದನ್ನೇ ವೇದವಾಕ್ಯ ಮಾಡಿಕೊಳ್ಳಬೇಕಿಲ್ಲ. ಆದರೂ ಎಡಕ್ಕೋ ಬಲಕ್ಕೋ ಅಂತ ನಾವು ಮಾಡುವ ಜಗಳಕ್ಕೆ ಡಿಸ್ಕ್ ಅಷ್ಟೇನೂ ತಲೆ ಕೆಡಿಸಿಕೊಳ್ಳುವುದಿಲ್ಲ ಅನ್ನುವುದಂತೂ ಕಾಣುತ್ತದೆ. ಮಲಗಿದರೆ ಸಾಕು, ಅದಕ್ಕೆ ಖುಷಿ.

ಇನ್ನೊಂದು ಲೆಕ್ಕ. ಡೆನ್ಮಾರ್ಕಿನ 664 ಜನ ಕೆಲಸಗಾರರ ಮೈಗೆ ಚಲನೆ ಅಳೆಯುವ ಪುಟ್ಟ ಸಲಕರಣೆ ಅಂಟಿಸಿ ನೋಡಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಅವರು ಹಾಸಿಗೆಯಲ್ಲಿದ್ದ ಸಮಯದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಗ್ಗುಲಾಗಿ, ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಅಂಗಾತ, ಸುಮಾರು 7% ಬೋರಲಾಗಿ ಮಲಗಿದ್ದರು. ಮುಖ್ಯವಾದದ್ದು ಇದು: ಗಂಟೆಗೆ ಸರಾಸರಿ 1.6 ಸಲ ಭಂಗಿ ಬದಲಾಯಿಸಿದ್ದರು. ಏಳು ಗಂಟೆ ನಿದ್ದೆ ಅಂದರೆ ಹನ್ನೊಂದು ಸಲ!

ಹಾಗಾಗಿ ನಿದ್ದೆಯ ಭಂಗಿ ಅನ್ನುವುದು ಫೋಟೋ ಅಲ್ಲ. ಹೊರಳುವುದು ಕೆಟ್ಟ ಅಭ್ಯಾಸವೂ ಅಲ್ಲ, ಅದು ಮೈ ತನ್ನ ಪಾಡಿಗೆ ತಾನು ಮಾಡಿಕೊಳ್ಳುವ ಉಪಚಾರ. ಒಂದೇ ಕಡೆ ಭಾರ ಬಿದ್ದು ನೋಯಲು ಶುರುವಾದರೆ ನಿದ್ದೆಯಲ್ಲೇ ತಿರುಗಿಕೊಳ್ಳುತ್ತದೆ. ಅದನ್ನು ತಡೆಯುವ ಹಾಗೆ ಕೈಕಾಲು ಕಟ್ಟಿಕೊಂಡವರಂತೆ ಮಲಗುವುದೇ ನೋವಿಗೆ ದಾರಿ. ಒಳ್ಳೆಯ ಜಾಗ ಅಂದರೆ ಹೊರಳಲು ಬಿಡುವ ಜಾಗ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಈಗ ಕೆಲಸಕ್ಕೆ ಬರುವ ಮಾತು. ಯಾವ ಭಂಗಿಯಲ್ಲಿ ನಿದ್ದೆ ಹತ್ತುತ್ತದೋ ಅದನ್ನೇ ಇಟ್ಟುಕೊಂಡು, ಎಲ್ಲಿ ಖಾಲಿ ಇದೆಯೋ ಅಲ್ಲಿ ತುಂಬಿ. ನನಗೆ ತಿಳಿದ ಮಟ್ಟಿಗೆ ಇಡೀ ವಿದ್ಯೆ ಇಷ್ಟೇ.

ಮಗ್ಗುಲಾಗಿ ಮಲಗುವವರಿಗೆ ಎರಡು ಕಡೆ ಖಾಲಿ. ಒಂದು ಕಿವಿಗೂ ಹಾಸಿಗೆಗೂ ನಡುವೆ, ಇನ್ನೊಂದು ಎರಡು ಮಂಡಿಗಳ ನಡುವೆ. ಮಂಡಿಗಳ ನಡುವೆ ದಿಂಬು ಇಲ್ಲದಿದ್ದರೆ ಮೇಲಿನ ಕಾಲು ಮುಂದಕ್ಕೆ ಜಾರಿ ಸೊಂಟವನ್ನೂ ತಿರುಚಿಕೊಂಡು ಹೋಗುತ್ತದೆ. ಅದಕ್ಕೆ ದಿಂಬೇ ಬೇಕಂತಿಲ್ಲ, ಹಳೇ ಸೀರೆ ಮಡಿಸಿ ಇಟ್ಟರೂ ಆದೀತು. ಮಂಡಿ ಎದೆಗೆ ತಾಗುವಷ್ಟು ಮುದುಡಿಕೊಳ್ಳಬೇಡಿ. ತಲೆಯ ಕೆಳಗೆ ಕೈ ಕೊಟ್ಟು ಮಲಗುವ ಅಭ್ಯಾಸ ಇದ್ದರೆ ಅದನ್ನು ಅನಂತಶಯನನಿಗೇ ಬಿಟ್ಟುಬಿಡಿ. ಅವನಿಗೆ ಆದಿಶೇಷನಂಥ ಸುರುಳಿ ಸುರುಳಿಯ ಸ್ಪ್ರಿಂಗ್ ಹಾಸಿಗೆ ಇದೆ, ಕಾಲೊತ್ತಲು ಲಕ್ಷ್ಮಿ ಇದ್ದಾಳೆ, ನಡೆಯುತ್ತೆ. ನಮಗಾದರೆ ಬೆಳಿಗ್ಗೆ ಕೈ ಜೋಮು ಹಿಡಿದು ಭುಜ ಎತ್ತಲು ಬರುವುದಿಲ್ಲ.

ಅಂಗಾತ ಮಲಗುವವರಿಗೆ ಖಾಲಿ ಇರುವುದು ಮಂಡಿಯ ಕೆಳಗೆ. ಅಲ್ಲೊಂದು ದಿಂಬೋ ಸುತ್ತಿದ ಕಂಬಳಿಯೋ ಇಟ್ಟರೆ ಸೊಂಟ ಸಡಿಲವಾಗುತ್ತದೆ. ತಲೆದಿಂಬು ತೆಳ್ಳಗಿರಲಿ, ಗಲ್ಲ ಎದೆಗೆ ತಾಗುವಷ್ಟು ಎತ್ತರ ಇದ್ದರೆ ಅದು ರಾತ್ರಿಯಿಡೀ ಮೊಬೈಲು ನೋಡಿದ ಹಾಗೆಯೇ. ಕುತ್ತಿಗೆಯ ಬಾಗಿಗೆ ಆಸರೆ ಬೇಕೆನಿಸಿದರೆ ಒಂದು ಚಿಕ್ಕ ಟವೆಲ್ಲನ್ನು ಸುರುಳಿ ಸುತ್ತಿ ದಿಂಬಿನ ಕವರಿನೊಳಗೇ ಅಂಚಿಗೆ ಇಟ್ಟುಕೊಳ್ಳಿ. ಗೊರಕೆ ಜೋರಿರುವವರಿಗೆ ಅಂಗಾತಕ್ಕಿಂತ ಮಗ್ಗುಲೇ ವಾಸಿ, ಪಕ್ಕದಲ್ಲಿ ಮಲಗುವವರಿಗೂ ವಾಸಿ.

ಬೋರಲು ಮಲಗುವುದೊಂದೇ ನನಗೆ ಅಷ್ಟು ಇಷ್ಟವಾಗದ ಭಂಗಿ. ಬೆನ್ನಿನ ವಿಷಯಕ್ಕಲ್ಲ, ಕತ್ತಿನ ವಿಷಯಕ್ಕೆ. ಉಸಿರಾಡಬೇಕಲ್ಲ, ಕತ್ತನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿ ಗಂಟೆಗಟ್ಟಲೆ ಬಿಡಬೇಕು. ಹಗಲಲ್ಲಿ ಹತ್ತು ನಿಮಿಷ ಹಾಗೆ ಕೂತು ನೋಡಿ, ಗೊತ್ತಾಗುತ್ತೆ. ಆ ಭಂಗಿ ಬಿಟ್ಟರೆ ನಿದ್ದೆಯೇ ಬರುವುದಿಲ್ಲ ಅನ್ನುವವರು ತಲೆಯ ಕೆಳಗಿನ ದಿಂಬು ತೆಗೆದು ಕಿಬ್ಬೊಟ್ಟೆಯ ಕೆಳಗೆ ತೆಳ್ಳಗಿನದೊಂದು ಇಟ್ಟುಕೊಳ್ಳಲಿ.

ಎಡಮಗ್ಗುಲಿಗೆ ಎಲ್ಲರೂ ಕೊಡುವ ಮರ್ಯಾದೆ ಪೂರ್ತಿ ಸುಳ್ಳಲ್ಲ. ಊಟದ ಮೇಲೆ ವಾಮಕುಕ್ಷಿ ಅನ್ನುತ್ತಾರಲ್ಲ, ಹುಳಿತೇಗು, ಎದೆಯುರಿ ಇರುವವರಿಗೆ ಅದರಿಂದ ಆರಾಮ. ಹೊಟ್ಟೆಯ ಆಮ್ಲ ಮೇಲೆ ಬರುವುದು ಕಡಿಮೆಯಾಗುತ್ತದೆ. ಆದರೆ ಅದು ಹೊಟ್ಟೆಯ ಲಾಭ, ಬೆನ್ನಿನ ಲಾಭ ಅಲ್ಲ. ಬಸುರಿಯರ ಮಾತು ಬೇರೆ. 28 ವಾರ ತುಂಬಿದ ಮೇಲೆ ಅಂಗಾತ ಮಲಗಿ ನಿದ್ದೆ ಹೋಗುವುದು ಬೇಡ, ಮಗ್ಗುಲಾಗಿ ಮಲಗಿ ಅಂತ ಈಗ ವೈದ್ಯರು ಹೇಳುತ್ತಾರೆ. ಎಡವಾದರೂ ಸರಿ, ಬಲವಾದರೂ ಸರಿ. ರಾತ್ರಿ ಎಚ್ಚರವಾದಾಗ ಅಂಗಾತ ಇದ್ದರೆ ಗಾಬರಿ ಬೇಡ, ತಿರುಗಿಕೊಂಡರೆ ಆಯಿತು.

ಇನ್ನು ದಿಂಬು. ನನ್ನ ಪ್ರಕಾರ ಹಾಸಿಗೆಗಿಂತ ದೊಡ್ಡ ವಿಷಯ ಇದು. ಹಾಸಿಗೆಗೆ ಸಾವಿರಾರು ಸುರಿಯುವ ನಾವು ದಿಂಬನ್ನು ಅದರ ಜೊತೆ ಬಿಟ್ಟಿ ಬಂದದ್ದಕ್ಕೇ ಸರಿಹೋಯಿತು ಅಂದುಕೊಳ್ಳುತ್ತೇವೆ.

ಕೆಲವು ವರ್ಷಗಳ ಹಿಂದೆ ನನಗೆ ಕತ್ತು ನೋವು ಜೋರಾಗಿ ಒಬ್ಬ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿದ್ದೆ. ಎರಡನೇ ದಿನ ಅವರು "ನಾಳೆ ಬರುವಾಗ ನಿಮ್ಮ ದಿಂಬು ತಗೊಂಡು ಬನ್ನಿ ಮೇಡಂ" ಅಂದರು. ಬೆಳಿಗ್ಗೆ ಹತ್ತು ಗಂಟೆಗೆ ಕಂಕುಳಲ್ಲಿ ದಿಂಬು ಇಟ್ಟುಕೊಂಡು ಆಟೋ ಹತ್ತಿದೆ. ಆಟೋದವನು ಕನ್ನಡಿಯಲ್ಲಿ ನೋಡಿ ಬಹಳ ಮರುಕದಿಂದ "ಯಾರು ಅಡ್ಮಿಟ್ ಆಗಿರೋದು ಅಕ್ಕಾ?" ಅಂತ ಕೇಳಿದ. "ದಿಂಬೇ" ಅಂದೆ. ಪಾಪ, ಆಮೇಲೆ ದಾರಿಯುದ್ದಕ್ಕೂ ಮಾತಾಡಲಿಲ್ಲ.

ಅಲ್ಲಿ ಅವರು ನನ್ನನ್ನು ಮಗ್ಗುಲಾಗಿ ಮಲಗಿಸಿ, ಭುಜದ ತುದಿಯಿಂದ ಕತ್ತಿನ ಬುಡದವರೆಗೆ ಟೇಪಿನಲ್ಲಿ ಅಳೆದರು. ಆಮೇಲೆ ನನ್ನ ತಲೆಯ ಭಾರಕ್ಕೆ ದಿಂಬು ಎಷ್ಟು ಕುಗ್ಗುತ್ತದೆ ಅಂತ ನೋಡಿದರು. "ಈ ಎರಡು ಅಳತೆ ಒಂದೇ ಇರಬೇಕು. ಮೂಗು, ಗಲ್ಲ, ಎದೆಯ ನಡುವಿನ ಮೂಳೆ ಒಂದೇ ಗೆರೆಯಲ್ಲಿ ಬರಬೇಕು. ನಿಮ್ಮ ಭುಜ ಚಿಕ್ಕದು, ದಿಂಬು ದೊಡ್ಡವರದ್ದು" ಅಂದರು. ನಮ್ಮನೆಯವರ ಭುಜ ನನಗಿಂತ ಒಂದು ಗೇಣು ಅಗಲ. ಆದರೆ ಜೋಡಿ ದಿಂಬು ಅಂತ ಒಂದೇ ಅಳತೆಯ ಎರಡು ಬಂದಿರುತ್ತವೆ. ಗಂಡ ಹೆಂಡತಿ ಒಂದೇ ಅಳತೆಯ ಚಪ್ಪಲಿ ಹಾಕುವುದನ್ನು ನೀವು ಎಲ್ಲಾದರೂ ಕಂಡಿದ್ದೀರಾ? ದಿಂಬು ಮಾತ್ರ ಹೇಗೆ ಒಂದೇ ಆಗುತ್ತೆ ಹೇಳಿ.

ಹಿಂದೆ ಇದಕ್ಕೊಂದು ವ್ಯವಸ್ಥೆ ಇತ್ತು. ಹತ್ತಿ ಹೊಡೆಯುವ ಪಿಂಜಾರರು ಬಿಲ್ಲು ಹೆಗಲಿಗೇರಿಸಿಕೊಂಡು ಟಂಯ್ ಟಂಯ್ ಅಂತ ಬೀದಿಗೆ ಬರುತ್ತಿದ್ದರು. ಗಂಟು ಕಟ್ಟಿದ ಹಳೇ ಹತ್ತಿಯನ್ನು ಹೊಡೆದು ಹಗುರ ಮಾಡಿ ಮತ್ತೆ ತುಂಬಿಕೊಡುತ್ತಿದ್ದರು. ಅಂಗಳದಲ್ಲೇ ಕೆಲಸ, ಕಣ್ಣೆದುರಿಗೇ. "ಇದು ಅಜ್ಜನದ್ದು, ಸ್ವಲ್ಪ ಎತ್ತರ ಇರಲಿ", "ಇದು ಮಗೂದು, ಎರಡು ಹಿಡಿ ಸಾಕು" ಅಂತ ಹೇಳಿ ತುಂಬಿಸಬಹುದಿತ್ತು. ಬೂರುಗದ ಹತ್ತಿಯ ದಿಂಬಾದರೆ ಮನೆಯಲ್ಲೇ ಒಂದು ಹೊಲಿಗೆ ಬಿಚ್ಚಿ ಹತ್ತಿ ತೆಗೆಯುವುದು, ತುಂಬುವುದು. ದಿಂಬಿಗೆ ಯಜಮಾನರಿದ್ದರು, ಅಳತೆಯೂ ಇತ್ತು. ಫೋಮಿನ ದಿಂಬು ಅಚ್ಚಿನಿಂದ ಬರುತ್ತದೆ, ಅದರಲ್ಲಿ ಕೈ ಹಾಕಲು ಜಾಗ ಇಲ್ಲ. ಹಳೆಯದೆಲ್ಲ ಚಿನ್ನ ಅಂತ ನಾನು ಹೇಳುತ್ತಿಲ್ಲ. ಗಂಟುಗಟ್ಟಿದ ಹತ್ತಿ ದಿಂಬು ಕಲ್ಲಿಗೆ ಸಮ. ಆದರೆ ಮನುಷ್ಯನಿಗೆ ತಕ್ಕ ದಿಂಬು ಅನ್ನುವ ಬುದ್ಧಿ ಅದರಲ್ಲಿತ್ತು. ಈಗಲೂ ಒಳಗಿನ ಹತ್ತಿಯನ್ನು ತೆಗೆದು ತುಂಬುವಂಥ ದಿಂಬು ಸಿಗುತ್ತವೆ. ಇಲ್ಲದಿದ್ದರೆ ತೆಳ್ಳಗಿನ ದಿಂಬಿನ ಮೇಲೆ ಟವೆಲ್ಲನ್ನು ಒಂದೊಂದೇ ಮಡಿಕೆ ಸೇರಿಸಿ, ಬೆಳಿಗ್ಗೆ ಕತ್ತು ಹಗುರ ಅನ್ನಿಸುವವರೆಗೆ ನೋಡಿ. ಖರ್ಚು ಸೊನ್ನೆ.

ಇಷ್ಟು ಹೇಳಿದಾಗ ಒಂದು ಪ್ರಶ್ನೆ ಬಂದೇ ಬರುತ್ತದೆ. "ನಮ್ಮಜ್ಜಿ ಜೀವಮಾನವಿಡೀ ಚಾಪೆ ಮೇಲೆ ಮಲಗಿದವರು, ಬೆನ್ನು ಕೋಲಿನ ಹಾಗಿತ್ತು. ಅದಕ್ಕೇನಂತೀರಿ?"

ಚಾಪೆ ಒಗ್ಗುವವರಿಗೆ ಚಾಪೆಯೇ ಇರಲಿ, ನನ್ನ ತಕರಾರಿಲ್ಲ. ಚಿಕ್ಕಂದಿನಿಂದ ರೂಢಿಯಾದ ಮೈ, ಹಗಲೆಲ್ಲ ನಡೆದಾಡುವ ಕೆಲಸ, ನೆಲದಿಂದ ಸಲೀಸಾಗಿ ಏಳುವ ಮಂಡಿ, ಇವೆಲ್ಲ ಇದ್ದರೆ ಚಾಪೆಯೂ ಸುಖ. ಆದರೆ ಎಂಟು ಗಂಟೆ ಕುರ್ಚಿಯಲ್ಲಿ ಕೂತು, ಎರಡು ಗಂಟೆ ಟ್ರಾಫಿಕ್ಕಿನಲ್ಲಿ ಕೂತು, ಮನೆಗೆ ಬಂದು ಮೊಬೈಲಿಗೆ ತಲೆಬಗ್ಗಿಸಿ ಕೂತವರು ರಾತ್ರಿ ಮಾತ್ರ ಅಜ್ಜಿಯ ಚಾಪೆ ತಂದು ಹಾಸಿಕೊಂಡರೆ ಅಜ್ಜಿಯ ಬೆನ್ನು ಬರುವುದಿಲ್ಲ. ಚಾಪೆಯ ಜೊತೆಗೆ ಅಜ್ಜಿಯ ಹಗಲೂ ಬೇಕಲ್ಲ? ಇನ್ನೊಂದು ಮಾತು. ಕೋಲಿನ ಹಾಗಿದ್ದ ಅಜ್ಜಿ ನೆನಪಿರುತ್ತಾರೆ. ಸೊಂಟ ಬಾಗಿ ನೆಲ ನೋಡಿಕೊಂಡೇ ಓಡಾಡುತ್ತಿದ್ದ ಅಜ್ಜಿಯರೂ ಅದೇ ಊರಲ್ಲಿ ಇದ್ದರು. ಅವರೂ ಚಾಪೆಯ ಮೇಲೆಯೇ ಮಲಗಿದವರು.

ಅಜ್ಜಿಯರು ಹೇಳಿದ್ದರಲ್ಲಿ ನಾನು ಕಣ್ಣುಮುಚ್ಚಿ ಒಪ್ಪುವುದು ಒಂದನ್ನು: ಬಲಮಗ್ಗುಲಿಗೆ ತಿರುಗಿ ಏಳು. ಅವರು ಶುಭ ಅಂತ ಹೇಳಿದರು, ಫಿಸಿಯೋದವರು ಸೊಂಟ ಉಳುಕದಿರಲಿ ಅಂತ ಹೇಳುತ್ತಾರೆ. ಅಂಗಾತ ಇದ್ದವರು ಚಂಗನೆ ನೆಟ್ಟಗೆ ಏಳುವ ಬದಲು ಮೊದಲು ಮಗ್ಗುಲಾಗಿ, ಕಾಲು ಮಂಚದಿಂದ ಕೆಳಗಿಳಿಸಿ, ಕೈಯೂರಿ ಏಳುವುದು. ಬಲವೋ ಎಡವೋ ಮಂಚ ಯಾವ ಗೋಡೆಗೆ ತಾಗಿದೆ ಅನ್ನುವುದರ ಮೇಲೆ ಹೋಗಲಿ.

ಎದ್ದ ಮೇಲೆ? ನನಗೆ ನಿಜವಾಗಿ ಹೇಳಬೇಕಾದದ್ದು ಇಲ್ಲಿಂದ.

ಡಿಸ್ಕುಗಳು ರಾತ್ರಿ ನೀರು ಹೀರಿ ಉಬ್ಬುತ್ತವೆ ಅಂದೆನಲ್ಲ, ಅದರಿಂದ ಬೆಳಿಗ್ಗೆ ಬೆನ್ನು ಬಿಗಿಯಾಗಿರುತ್ತದೆ. 1987ರಲ್ಲಿ ಬ್ರಿಟನ್ನಿನ ಸಂಶೋಧಕರು ಲೆಕ್ಕ ಹಾಕಿದ ಪ್ರಕಾರ, ಬೆಳ್ಳಂಬೆಳಿಗ್ಗೆ ಮುಂದಕ್ಕೆ ಬಗ್ಗಿದರೆ ಡಿಸ್ಕಿನ ಮೇಲೆ ಬೀಳುವ ಬಾಗಿನ ಒತ್ತಡ ದಿನದ ಉಳಿದ ಹೊತ್ತಿಗಿಂತ ಸುಮಾರು 300% ಹೆಚ್ಚು. ಎದ್ದು ಓಡಾಡತೊಡಗಿದ ಮೇಲೆ ಇದು ಬೇಗ ಇಳಿಯುತ್ತದೆ. ದಿನವಿಡೀ ನಾವು ಕಳೆದುಕೊಳ್ಳುವ ಎತ್ತರದಲ್ಲಿ ಅರ್ಧಕ್ಕೂ ಹೆಚ್ಚು ಮೊದಲ ಒಂದು ಗಂಟೆಯಲ್ಲೇ ಹೋಗಿಬಿಡುತ್ತದೆ. 1998ರಲ್ಲಿ ಅಮೆರಿಕದ ಸ್ಟೋವರ್ ಸ್ನೂಕ್ ಮತ್ತು ಸಂಗಡಿಗರು ಹಳೆಯ ಸೊಂಟ ನೋವಿನವರಿಗೆ ಒಂದೇ ಒಂದು ಪಥ್ಯ ಹೇಳಿದರು: ಬೆಳಿಗ್ಗೆ ಎದ್ದ ಮೊದಲ ಹೊತ್ತಿನಲ್ಲಿ ಬಗ್ಗಬೇಡಿ. ನೋವಿನ ದಿನಗಳು ನಿಜವಾಗಿಯೂ ಕಡಿಮೆಯಾದವು.

ಈಗ ನಮ್ಮ ಮನೆಗಳನ್ನು ನೆನೆಸಿಕೊಳ್ಳಿ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಎದ್ದ ಹತ್ತೇ ನಿಮಿಷಕ್ಕೆ ಸೊಂಟ ಬಗ್ಗಿಸುವವರು ಯಾರು? ಕಸ ಗುಡಿಸುವುದು, ಅಂಗಳಕ್ಕೆ ನೀರು ಹಾಕುವುದು, ರಂಗೋಲಿ ಇಡುವುದು, ಕೊಟ್ಟಿಗೆ ಇದ್ದರೆ ಸಗಣಿ ಬಾಚುವುದು, ನಲ್ಲಿ ನೀರು ಬಂದರೆ ಬಿಂದಿಗೆ ಎತ್ತುವುದು, ನೆಲದ ಹಾಸಿಗೆಗಳನ್ನು ಮಡಿಸುವುದು. ಬೆನ್ನು ಅತ್ಯಂತ ಬಿಗಿಯಾಗಿರುವ ಆ ಒಂದು ಗಂಟೆಯಲ್ಲೇ ಇವೆಲ್ಲ ಮುಗಿಯಬೇಕು. ಮನೆಯ ಗಂಡಸರು ಆ ಹೊತ್ತಿಗೆ ನೆಟ್ಟಗೆ ಕೂತು ಪೇಪರ್ ಓದುತ್ತಿರುತ್ತಾರೆ, ಸ್ನೂಕ್ ಸಾಹೇಬರು ಹೇಳಿದ ಹಾಗೆಯೇ!

ಅದೇ ಹೆಂಗಸು ರಾತ್ರಿ ಎಲ್ಲಿ ಮಲಗಿದ್ದರು ಅಂತಲೂ ನೋಡಿ. ಮಗು ಮಧ್ಯೆ ಅಡ್ಡಡ್ಡ, ಆಚೆ ಗಂಡ, ಮಂಚದ ಅಂಚಿನ ಒಂದಡಿ ಜಾಗ ಇವರದ್ದು. ಮಗು ಬೀಳದ ಹಾಗೆ ಒಂದು ಕೈ ಅದರ ಮೇಲೆ. ಹನ್ನೊಂದು ಸಲ ಹೊರಳುವುದಿರಲಿ, ಒಂದು ಸಲ ಹೊರಳಲೂ ಜಾಗ ಇಲ್ಲ. ನೆಂಟರು ಬಂದರೆ ಹಾಸಿಗೆ ನೆಂಟರಿಗೆ, ಒಳ್ಳೆಯ ದಿಂಬು ನೆಂಟರಿಗೆ, ಅಮ್ಮನಿಗೆ ಅಡುಗೆಮನೆಯ ಬಾಗಿಲಲ್ಲಿ ಚಾಪೆ. "ನಂಗೆ ನೆಲದ ಮೇಲೇ ಚೆನ್ನಾಗಿ ನಿದ್ದೆ ಬರೋದು" ಅಂತ ಅಮ್ಮ ಹೇಳುತ್ತಾರೆ. ಎಲ್ಲ ಅಮ್ಮಂದಿರೂ ಇದನ್ನೇ ಹೇಳುತ್ತಾರೆ, ಕೊನೆಯ ದೋಸೆ ಹಸಿವಿಲ್ಲ ಅಂತ ಬಿಟ್ಟುಕೊಡುವಾಗ ಹೇಳುವ ದನಿಯಲ್ಲೇ. ಆಮೇಲೆ ಸೊಂಟ ಹಿಡಿದುಕೊಂಡು ಎದ್ದರೆ "ವಯಸ್ಸಾಯ್ತಲ್ಲ" ಅನ್ನುತ್ತೇವೆ. ಅದೇ ವಯಸ್ಸಿನ ಅಪ್ಪನಿಗೆ ಸೊಂಟ ನೋವು ಬಂದರೆ ವಾರದೊಳಗೆ ಹೊಸ ಹಾಸಿಗೆ ಬರುತ್ತದೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಗಾದೆ. ಆದರೆ ಮನೆಯೊಳಗೆ ಹಾಸಿಗೆ ಯಾರಿಗೆ ಎಷ್ಟು ಉದ್ದ ಅಂತ ನಿರ್ಧಾರ ಮಾಡುವವರು ಯಾರು?

ಇದು ಹೆಂಗಸರ ಕಷ್ಟದ ಭಾಷಣ ಅಂದುಕೊಳ್ಳಬೇಡಿ. ಬೆನ್ನು ನೋವಿನ ಬಗ್ಗೆ ನಾವು ಆಡುವ ಮಾತೆಲ್ಲ 'ನೀವು ಹೀಗೆ ಮಲಗಿ' ಅಂತ ಒಬ್ಬರಿಗೆ ಹೇಳುವ ಮಾತು. ಹಾಗೆ ಮಲಗಲು ಅವರಿಗೆ ಜಾಗ ಇದೆಯಾ, ಮಂಡಿ ನಡುವೆ ಇಡಲು ಇನ್ನೊಂದು ದಿಂಬು ಇದೆಯಾ, ಬೆಳಿಗ್ಗೆ ಒಂದು ಗಂಟೆ ಬಗ್ಗದೆ ಇರಲು ಮನೆ ಬಿಡುತ್ತದೆಯಾ ಅಂತ ಕೇಳದೆ ಕೊಡುವ ಸಲಹೆಗೆ ಅರ್ಥ ಇಲ್ಲ. ಇದಕ್ಕೆ ಬೇಕಾದದ್ದು ದುಡ್ಡಲ್ಲ. ಮಗುವನ್ನು ಗೋಡೆಯ ಕಡೆಗೆ ಮಲಗಿಸಿದರೆ ಇಬ್ಬರಿಗೂ ಜಾಗ ಆಗುತ್ತದೆ. ಉದ್ದ ಹಿಡಿಯ ಪೊರಕೆ ತಂದರೆ ಬಗ್ಗುವುದು ತಪ್ಪುತ್ತದೆ. ಗುಡಿಸುವುದು ಎಂಟು ಗಂಟೆಗಾದರೆ ಲಕ್ಷ್ಮಿ ಮನೆ ಬಿಟ್ಟು ಹೋಗುವುದಿಲ್ಲ. ಹಾಸಿಗೆಗಳನ್ನು ಆಯಾ ಹಾಸಿಗೆಯಲ್ಲಿ ಮಲಗಿದವರೇ ಮಡಿಸಲಿ.

ಒಂದು ಎಚ್ಚರಿಕೆಯನ್ನೂ ಹೇಳಿಬಿಡಬೇಕು. ಎಲ್ಲ ನೋವೂ ಭಂಗಿಯ ನೋವಲ್ಲ. ಯಾವ ಮಗ್ಗುಲಿಗೆ ತಿರುಗಿದರೂ ಬಿಡದೆ ರಾತ್ರಿ ಎಬ್ಬಿಸುವ ನೋವು, ಜೊತೆಗೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದವರಿಗೆ ಹೊಸದಾಗಿ ಬಂದ ಬೆನ್ನು ನೋವು, ಬಿದ್ದ ಮೇಲೆ ಶುರುವಾದ ನೋವು, ಇವಕ್ಕೆ ದಿಂಬು ಬದಲಾಯಿಸುತ್ತ ಕೂರಬಾರದು, ವೈದ್ಯರಿಗೆ ತೋರಿಸಬೇಕು. ಕಾಲಿನ ಶಕ್ತಿ ಕುಗ್ಗಿದರೆ, ತೊಡೆಸಂದಿ, ಕುಂಡಿಯ ಭಾಗ ಮರಗಟ್ಟಿದರೆ, ಮೂತ್ರದ ಹಿಡಿತ ತಪ್ಪಿದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು, ನಾಳೆ ಅಂತ ಇಲ್ಲ. ಇಪ್ಪತ್ತು ಮೂವತ್ತರ ಹರೆಯದವರಿಗೆ ಬೆಳಿಗ್ಗೆ ಅರ್ಧ ಗಂಟೆಗೂ ಮೇಲೆ ಬೆನ್ನು ಬಿಗಿದುಕೊಂಡು, ಓಡಾಡಿದರೆ ಸಡಿಲವಾಗಿ, ಮಲಗಿದರೆ ಮತ್ತೆ ಹೆಚ್ಚಾಗುತ್ತಿದ್ದರೆ ಅದು ಬೆನ್ನುಮೂಳೆಯ ಉರಿಯೂತದ ಕಾಯಿಲೆ ಇರಬಹುದು. ಅದಕ್ಕೆ ಔಷಧ ಇದೆ. ಹಾಸಿಗೆ ಅಂಗಡಿಯಲ್ಲಿ ಅಲ್ಲ.

ಉಳಿದ ಮಾಮೂಲಿ ನೋವುಗಳಿಗೆ ನನ್ನ ಮಾತು ಇಷ್ಟೇ. ಇವತ್ತು ರಾತ್ರಿ ಎಲ್ಲರೂ ಮಲಗಿದ ಮೇಲೆ ಒಮ್ಮೆ ಮನೆಯೊಳಗೆ ಸುತ್ತು ಹಾಕಿ. ಯಾರ ತಲೆ ದಿಂಬಿನಿಂದ ಜಾರಿದೆ, ಯಾರ ಗಲ್ಲ ಎದೆಗೆ ತಾಗಿದೆ, ಯಾರಿಗೆ ಹೊರಳಲು ಜಾಗ ಇಲ್ಲ, ಯಾರ ದಿಂಬು ಹತ್ತು ವರ್ಷ ಹಳೆಯದು, ಯಾರಿಗೆ ದಿಂಬೇ ಇಲ್ಲ, ಎಲ್ಲ ಕಾಣುತ್ತದೆ. ನಾಳೆ ಬೆಳಿಗ್ಗೆ ಅವರನ್ನೇ ಕೇಳಿ. "ಏನಿಲ್ಲ, ಚೆನ್ನಾಗೇ ನಿದ್ದೆ ಬಂತು" ಅಂತಲೇ ಹೇಳುತ್ತಾರೆ. ನಂಬಬೇಡಿ. ಮಂಚದಿಂದ ಅವರು ಹೇಗೆ ಎದ್ದರು ಅಂತ ನೋಡಿ, ಆಮೇಲೆ ಟೇಪು ತಗೊಂಡು ಭುಜ ಅಳೆಯಿರಿ.

ನಿಮ್ಮನೆಯಲ್ಲಿ ಒಳ್ಳೆಯ ದಿಂಬು ಯಾರ ಹತ್ತಿರ ಇದೆ?